ಬಂದರಿಲ್ಲದ ಊರಿನ ಮೇಲೆ ಬಂದರಿನ ನೆರಳು

ಶಿವಮೊಗ್ಗದ ಮಾರುಕಟ್ಟೆಯಲ್ಲಿ ರಾಶಿ ಅಡಿಕೆಯ ಬೆಲೆ ಇದ್ದಕ್ಕಿದ್ದಂತೆ ಇಳಿದಾಗಲೆಲ್ಲ ಮಂಡಿಗಳಲ್ಲಿ ಒಂದು ಮಾತು ಕೇಳಿಬರುತ್ತದೆ: 'ಹೊರಗಿನ ಮಾಲು ಬಂದಿದೆಯಂತೆ.' ಎಲ್ಲಿಂದ ಬಂತು, ಯಾರು ತಂದರು, ಎಷ್ಟು ತಂದರು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಗುವುದಿಲ್ಲ. ಆದರೆ ಆ ಒಂದು ಮಾತಿಗಿರುವ ಶಕ್ತಿ ಸಣ್ಣದಲ್ಲ. ತೀರ್ಥಹಳ್ಳಿಯಿಂದ ಬಂದ ಬೆಳೆಗಾರ ಇವತ್ತಿನ ದರಕ್ಕೆ ಕೊಡುವುದಿಲ್ಲವೆಂದು ಮಾಲನ್ನು ಮಂಡಿಯಲ್ಲೇ ಬಿಟ್ಟು ಊರಿಗೆ ಮರಳುತ್ತಾನೆ. ವ್ಯಾಪಾರಿ ಖರೀದಿಯಿಂದ ಹಿಂದೆ ಸರಿಯುತ್ತಾನೆ. ಚೀಲ ಹೊರುವ ಹಮಾಲನಿಗೂ ಕೂಲಿಗೆ ಅಡಿಕೆ ಆರಿಸುವ ಹೆಣ್ಣುಮಗಳಿಗೂ ಆ ದಿನ ಕೆಲಸವಿಲ್ಲ. ಈ ಎರಡು ಕೆಲಸಗಳನ್ನು ನಂಬಿ ಒಲೆ ಹಚ್ಚುವ ಮನೆಗಳು ನಮ್ಮ ಮೊಹಲ್ಲಾಗಳಲ್ಲಿಯೂ ಇವೆ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಹೊರಗಿನ ಮಾಲು ಬರುವ ದಾರಿಗಳಲ್ಲಿ ಮುಖ್ಯವಾದುದು ಸಮುದ್ರ. ಶಿವಮೊಗ್ಗಕ್ಕೆ ಸಮುದ್ರವಿಲ್ಲ. ಇಲ್ಲಿಂದ ಕರಾವಳಿಗೆ ನೇರ ರೈಲೂ ಇಲ್ಲ. ಇರುವ ಘಟ್ಟದ ದಾರಿಗಳಲ್ಲಿ ಆಗುಂಬೆಯ ತಿರುವುಗಳು ಭಾರೀ ವಾಹನಗಳಿಗೆ ಒಗ್ಗುವಂಥವಲ್ಲ. ಹಾಗಿದ್ದೂ ನಾವು ಕಣ್ಣಿನಿಂದ ನೋಡಿರದ ಯಾವುದೋ ಬಂದರು ನಮ್ಮ ಊರಿನ ದಿನಗೂಲಿಯನ್ನು ನಿರ್ಧರಿಸುತ್ತಿದೆ. ಇದು ಹೇಗೆ ಸಾಧ್ಯವಾಯಿತು?

ಇದರ ಮೂಲ ಒಂದು ಉಕ್ಕಿನ ಪೆಟ್ಟಿಗೆಯಲ್ಲಿದೆ. 1956ರ ಏಪ್ರಿಲ್ 26ರಂದು ಅಮೆರಿಕದ ನ್ಯೂವಾರ್ಕ್ ಬಂದರಿನಿಂದ 'ಐಡಿಯಲ್ ಎಕ್ಸ್' ಎಂಬ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ಹ್ಯೂಸ್ಟನ್‌ಗೆ ಹೊರಟಿತು. ಅದರ ಹಿಂದಿದ್ದವರು ಮಾಲ್ಕಮ್ ಮೆಕ್‌ಲೀನ್ ಎಂಬ ಲಾರಿ ಉದ್ಯಮಿ. ಲಾರಿಯಲ್ಲಿ ತುಂಬಿದ ಸರಕನ್ನು ಬಂದರಿನಲ್ಲಿ ಇಳಿಸಿ, ಮತ್ತೆ ಚೀಲ ಚೀಲವಾಗಿ ಹಡಗಿಗೆ ಹೊರುವುದು ವ್ಯರ್ಥ ಶ್ರಮ ಎಂಬುದು ಅವರ ತರ್ಕವಾಗಿತ್ತು. ಪೆಟ್ಟಿಗೆಯನ್ನೇ ಎತ್ತಿಟ್ಟರೆ ಸಾಲದೇ? ಕೈಯಿಂದ ಸರಕು ತುಂಬಲು ಟನ್ನಿಗೆ ಸುಮಾರು 5 ಡಾಲರ್ 83 ಸೆಂಟ್ ತಗಲುತ್ತಿದ್ದ ಕಾಲದಲ್ಲಿ ಆ ಹಡಗಿನ ಲೆಕ್ಕ 16 ಸೆಂಟನ್ನೂ ಮುಟ್ಟಲಿಲ್ಲ. ಜಾಗತೀಕರಣದ ಬಗ್ಗೆ ನಾವು ಈ ಪುಟಗಳಲ್ಲಿ ಸಾಕಷ್ಟು ಬರೆದಿದ್ದೇವೆ. ಗ್ಯಾಟ್, ಡಬ್ಲ್ಯುಟಿಒ ಎಂದು ಭಾಷಣಗಳನ್ನೂ ಕೇಳಿದ್ದೇವೆ. ಆದರೆ ಆ ಒಪ್ಪಂದಗಳೆಲ್ಲ ಕಾಗದದಲ್ಲೇ ಉಳಿಯದಂತೆ ಮಾಡಿದ್ದು ಈ ಪೆಟ್ಟಿಗೆ. ಸಾಗಣೆ ವೆಚ್ಚ ಅಷ್ಟು ಕೆಳಗಿಳಿದ ಮೇಲೆ ಇಂಡೋನೇಷ್ಯಾದ ತೋಟ ಶಿವಮೊಗ್ಗದ ತೋಟದ ನೆರೆಮನೆಯಾಯಿತು.

ಪೆಟ್ಟಿಗೆ ಎಲ್ಲರಿಗೂ ಸಮಾನ. ಬಂದರು ಹಾಗಲ್ಲ. ಇಂದಿನ ದೊಡ್ಡ ಹಡಗುಗಳು 20 ಅಡಿಯ ಪೆಟ್ಟಿಗೆಗಳ ಲೆಕ್ಕದಲ್ಲಿ 24 ಸಾವಿರವನ್ನು ಒಮ್ಮೆಗೇ ಹೊರುತ್ತವೆ. ಅಂಥ ತಾಯಿಹಡಗು ಕಂಡ ಕಂಡ ಊರಿನಲ್ಲಿ ನಿಲ್ಲುವುದಿಲ್ಲ. ಆಳವಾದ ನೀರು, ಎತ್ತರದ ಕ್ರೇನು, ಒಂದೇ ನಿಲುಗಡೆಯಲ್ಲಿ ಸಾವಿರಾರು ಪೆಟ್ಟಿಗೆ ಸಿಗುವ ಖಾತರಿ ಇರುವಲ್ಲಿ ಮಾತ್ರ ನಿಲ್ಲುತ್ತದೆ. ಶಾಂಘೈ 2024ರಲ್ಲಿ 5 ಕೋಟಿಗೂ ಹೆಚ್ಚು ಪೆಟ್ಟಿಗೆಗಳನ್ನು ನಿರ್ವಹಿಸಿತು, ಸಿಂಗಾಪುರ 4 ಕೋಟಿಗೂ ಹೆಚ್ಚು. ನಮ್ಮ ಮಂಗಳೂರಿನ ಪಣಂಬೂರು? ವರ್ಷಕ್ಕೆ 2 ಲಕ್ಷದ ಆಸುಪಾಸು. 1975ರಲ್ಲಿ ಉದ್ಘಾಟನೆಗೊಂಡ ಈ ಬಂದರು ಬೆಳೆದದ್ದು ಕುದುರೆಮುಖದ ಅದಿರಿನ ಮೇಲೆ. 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಇಂದಿಗೂ ಅದರ ಬಹುಪಾಲು ಕೆಲಸ ಕಚ್ಚಾತೈಲ, ಅನಿಲ, ಕಲ್ಲಿದ್ದಲುಗಳದ್ದು. ಕಂಟೈನರುಗಳನ್ನು ಕೊಂಡೊಯ್ಯುವುದು ಬಹುತೇಕ ಚಿಕ್ಕ ಹಡಗುಗಳು. ಅವು ಕೊಲಂಬೊದಂತಹ ದೊಡ್ಡ ಬಂದರಿಗೆ ಹೋಗಿ, ಅಲ್ಲಿ ಪೆಟ್ಟಿಗೆಯನ್ನು ಇಳಿಸಿ, ಅದು ತಾಯಿಹಡಗಿಗಾಗಿ ಕಾಯಬೇಕು. ಅತ್ತ ಬೆಂಗಳೂರಿನ ರಫ್ತುದಾರ ಮಂಗಳೂರನ್ನು ಬಿಟ್ಟು ಚೆನ್ನೈಯನ್ನು ಹಿಡಿದು ಎಷ್ಟೋ ಕಾಲವಾಯಿತು. ಸರಕು ಕಡಿಮೆ ಎಂದು ಹಡಗು ಬರುವುದಿಲ್ಲ, ಹಡಗು ಬರುವುದಿಲ್ಲವೆಂದು ಸರಕು ಬೇರೆಡೆಗೆ ಹೋಗುತ್ತದೆ. ಕೊಡಗು, ಚಿಕ್ಕಮಗಳೂರುಗಳ ಕಾಫಿ ರಫ್ತುದಾರರು ಖಾಲಿ ಪೆಟ್ಟಿಗೆಗಳಿಗಾಗಿ ಗೋಗರೆದ 2021ರ ದಿನಗಳು ಈ ವಿಷವೃತ್ತವನ್ನು ಬಯಲಿಗೆ ತಂದವು.

ಭಾರತ ಸರಕಾರವೇ ಒಪ್ಪಿಕೊಂಡಿರುವ ಲೆಕ್ಕದಂತೆ, ಹಡಗು ಬದಲಿಸಬೇಕಾದ ನಮ್ಮ ಸರಕಿನ ಶೇ. 75ರಷ್ಟು ವಿದೇಶದ ಬಂದರುಗಳಲ್ಲಿ ಬದಲಾಗುತ್ತಿತ್ತು, ಅದರಲ್ಲಿ ಸಿಂಹಪಾಲು ಕೊಲಂಬೊ, ಸಿಂಗಾಪುರ, ಮಲೇಷ್ಯಾದ ಪೋರ್ಟ್ ಕ್ಲಾಂಗ್‌ಗಳದ್ದು. ಇದನ್ನು ತಪ್ಪಿಸಲೆಂದು 2011ರಲ್ಲಿ ಕೊಚ್ಚಿಯ ವಲ್ಲಾರ್‌ಪಾಡಂ ಬಂತು, ನಿರೀಕ್ಷೆ ಈಡೇರಲಿಲ್ಲ. 2025ರ ಮೇ 2ರಂದು ಕೇರಳದ ವಿಳಿಂಜಂ ಬಂದರು ಲೋಕಾರ್ಪಣೆಗೊಂಡಿತು. ಸ್ವಾಭಾವಿಕ ಆಳವಿರುವ ಅದು ಬೇರೆ ಕತೆ ಬರೆಯಬಹುದು. ಆದರೆ ಕರ್ನಾಟಕದ ಒಳನಾಡಿಗೆ ಅದರಿಂದ ಆಗುವ ವ್ಯತ್ಯಾಸವೆಂದರೆ ಕೊಲಂಬೊದಲ್ಲಿ ಕಾಯುವ ಬದಲು ವಿಳಿಂಜಂನಲ್ಲಿ ಕಾಯುವುದು.

ಮತ್ತೆ ಅಡಿಕೆಗೆ ಬರೋಣ. ಜಗತ್ತಿನಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ದೇಶ ಭಾರತ, ಭಾರತದಲ್ಲಿ ಕರ್ನಾಟಕ. ಅಗ್ಗದ ಅಡಿಕೆ ಒಳನುಗ್ಗದಂತೆ ಕೇಂದ್ರವು ಶೇ. 100ರ ಆಮದು ಸುಂಕವನ್ನೂ, ಕನಿಷ್ಠ ಆಮದು ಬೆಲೆಯನ್ನೂ ವಿಧಿಸಿದೆ. 2023ರ ಫೆಬ್ರವರಿಯಲ್ಲಿ ಈ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಲಾಯಿತು. ಬೇಲಿ ಗಟ್ಟಿಯಾಗಿಯೇ ಇದೆ ಎಂದು ಅನಿಸಬಹುದು. ಆದರೆ ಬೇಲಿಗೆ ಗೇಟುಗಳೂ ಇವೆ. ಶ್ರೀಲಂಕಾದೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದ, ಸಾರ್ಕ್ ದೇಶಗಳ ಸಾಫ್ಟಾ ಒಪ್ಪಂದಗಳಲ್ಲಿ ಸುಂಕದ ರಿಯಾಯಿತಿ ಇದೆ. ಇಂಡೋನೇಷ್ಯಾದ ಅಡಿಕೆ ಕೊಲಂಬೊಗೆ ಬಂದು ಶ್ರೀಲಂಕಾದ ಹುಟ್ಟುಚೀಟಿ ಪಡೆದು ಭಾರತಕ್ಕೆ ಬಂದ ಪ್ರಕರಣಗಳು ಹಲವು. ಕಂದಾಯ ಗುಪ್ತಚರ ನಿರ್ದೇಶನಾಲಯದವರು ಮುಂಬೈ ಸಮೀಪದ ನ್ಹವಾ ಶೇವಾ ಬಂದರಿನಲ್ಲಿ ಬೇರೆ ಸರಕಿನ ಹೆಸರು ಬರೆದಿದ್ದ ಪೆಟ್ಟಿಗೆಗಳನ್ನು ಒಡೆದಾಗ ಒಳಗೆ ಅಡಿಕೆ ಸಿಕ್ಕಿದ್ದೂ ಒಂದೆರಡು ಬಾರಿಯಲ್ಲ. 'ಹುರಿದ ಅಡಿಕೆ' ಎಂಬ ಹೆಸರಿನಲ್ಲಿಯೂ ಸಾಕಷ್ಟು ಬಂತು. ಆ ಕಿಂಡಿಯನ್ನು ಮುಚ್ಚಲು 2025ರ ಏಪ್ರಿಲ್‌ವರೆಗೆ ಕಾಯಬೇಕಾಯಿತು, ಆಗ ಅದಕ್ಕೂ 351 ರೂಪಾಯಿಯ ನಿಯಮವನ್ನು ಅನ್ವಯಿಸಲಾಯಿತು. ಕಳ್ಳಮಾಲೆಲ್ಲ ಹಡಗಿನಲ್ಲೇ ಬರುತ್ತದೆಂದು ಹೇಳುವುದು ತಪ್ಪಾದೀತು. ಮ್ಯಾನ್ಮಾರ್ ಗಡಿ ದಾಟಿ ಈಶಾನ್ಯದ ರಾಜ್ಯಗಳಿಗೆ ಲಾರಿಗಳಲ್ಲಿ ಬರುವುದೂ ಇದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹಳೆಯ ಕಾಲದಲ್ಲಿ ಬಂದರಿನ ಹಮಾಲನಿಗೆ ತಾನು ಹೊರುತ್ತಿರುವುದು ಮೆಣಸೋ ಅಡಿಕೆಯೋ ಎಂಬುದು ವಾಸನೆಯಿಂದಲೇ ಗೊತ್ತಾಗುತ್ತಿತ್ತು. ಈಗ ಬೀಗಮುದ್ರೆ ಹಾಕಿದ ಪೆಟ್ಟಿಗೆಯ ಒಳಗೇನಿದೆ ಎಂಬುದಕ್ಕೆ ಕಾಗದವೊಂದೇ ಸಾಕ್ಷಿ. ಲಕ್ಷಗಟ್ಟಲೆ ಪೆಟ್ಟಿಗೆಗಳು ಹಾದುಹೋಗುವ ಬಂದರಿನಲ್ಲಿ ಪ್ರತಿಯೊಂದನ್ನೂ ತೆರೆದು ನೋಡಲು ಸಾಧ್ಯವಿಲ್ಲ. ನೋಡಹೊರಟರೆ ಬಂದರೇ ನಿಂತುಹೋಗುತ್ತದೆ. ಆದ್ದರಿಂದ ಅನುಮಾನ ಬಂದವನ್ನು ಮಾತ್ರ ತೆರೆಯುತ್ತಾರೆ. ಅಂದರೆ ಈ ವ್ಯವಸ್ಥೆಯ ವೇಗ ನಿಂತಿರುವುದೇ ವಿಶ್ವಾಸದ ಮೇಲೆ. ಆ ವಿಶ್ವಾಸವನ್ನು ಕೊಲ್ಲುವವನು ಕದಿಯುತ್ತಿರುವುದು ಸರಕಾರದ ಸುಂಕವನ್ನಷ್ಟೇ ಅಲ್ಲ, ಸಾಗರ, ಹೊಸನಗರಗಳ ಒಂದೆಕರೆ ತೋಟದವನ ಬೆಲೆಯನ್ನು ಕೂಡ. ಅಳತೆ-ತೂಕದಲ್ಲಿ ವಂಚಿಸಿದ ಶುಐಬರ ಜನಾಂಗದ ಕತೆಯನ್ನು ಜುಮಾ ಪ್ರವಚನಗಳಲ್ಲಿ ಕೇಳಿ ತಲೆಯಾಡಿಸುವ ನಮ್ಮೊಳಗಿನ ವ್ಯಾಪಾರಿಗಳು ಸುಳ್ಳು ಹುಟ್ಟುಚೀಟಿಯನ್ನು ಆ ಪಟ್ಟಿಯಲ್ಲಿ ಸೇರಿಸಿಕೊಂಡಿದ್ದಾರೆಯೇ? ಅಗ್ಗಕ್ಕೆ ಸಿಕ್ಕಿತೆಂದು ಆ ಮಾಲನ್ನು ಕೊಂಡು ಊರಿನ ಅಡಿಕೆಯೊಂದಿಗೆ ಬೆರೆಸುವವರ ಬಗ್ಗೆ ಮಸೀದಿ ಸಮಿತಿಗಳು ಒಂದು ಮಾತನ್ನಾದರೂ ಆಡಿವೆಯೇ? (ಆ ಅಡಿಕೆಯ ದೊಡ್ಡ ಪಾಲು ಕೊನೆಗೆ ಗುಟ್ಕಾ ಪೊಟ್ಟಣಗಳಿಗೆ ಸೇರಿ ನಮ್ಮ ಯುವಕರ ಬಾಯನ್ನೇ ತಿನ್ನುತ್ತದೆ ಎಂಬುದು ಬೇರೆಯೇ ಲೇಖನದ ವಸ್ತು.)

ಇನ್ನು ಭದ್ರಾವತಿ. ಈ ಊರಿನ ಕತೆ ಅಡಿಕೆಯದ್ದಕ್ಕಿಂತ ಸಂಕೀರ್ಣ, ಮತ್ತು ನೋವು ಕೂಡ ಹೆಚ್ಚು. 1918ರಲ್ಲಿ ಮೈಸೂರು ಸಂಸ್ಥಾನವು ಇಲ್ಲಿ ಕಬ್ಬಿಣದ ಕಾರ್ಖಾನೆಗೆ ಅಡಿಗಲ್ಲಿಟ್ಟಾಗ ಅದಕ್ಕೊಂದು ಸ್ಪಷ್ಟ ತರ್ಕವಿತ್ತು. ಕೆಮ್ಮಣ್ಣುಗುಂಡಿಯಲ್ಲಿ ಅದಿರು, ಸುತ್ತಲಿನ ಕಾಡಿನಲ್ಲಿ ಇದ್ದಿಲಿಗೆ ಕಟ್ಟಿಗೆ, ಪಕ್ಕದಲ್ಲೇ ಭದ್ರೆಯ ನೀರು. ಬೇಕಾದುದೆಲ್ಲ ಕೈಯಳತೆಯಲ್ಲಿದ್ದ ಕಾರಣ ಬಂದರು ದೂರವಿದ್ದುದು ಕೊರತೆಯಾಗಿ ಕಾಣಲಿಲ್ಲ. 1923ರಲ್ಲಿ ಉತ್ಪಾದನೆ ಆರಂಭವಾಯಿತು. ಅನಂತರ ಉಕ್ಕಿನ ಉದ್ಯಮದ ಸ್ವರೂಪವೇ ಬದಲಾಯಿತು. ಇದ್ದಿಲಿನ ಸ್ಥಾನಕ್ಕೆ ಹಡಗಿನಲ್ಲಿ ಬರುವ ವಿದೇಶೀ ಕಲ್ಲಿದ್ದಲು ಬಂತು. ದೊಡ್ಡ ಕುಲುಮೆ, ದೊಡ್ಡ ಹಡಗು, ಬಂದರಿನಿಂದ ನೇರ ರೈಲು ಇದ್ದವರು ಗೆದ್ದರು. ತೋರಣಗಲ್ಲಿನ ಖಾಸಗಿ ಕಾರ್ಖಾನೆ ಗೋವಾದ ಮರ್ಮಗೋವಾ ಮೊದಲಾದ ಬಂದರುಗಳಿಂದ ಕಲ್ಲಿದ್ದಲು ತರಿಸಿಕೊಂಡು ಬೆಳೆಯುತ್ತಿದ್ದಾಗ ಭದ್ರಾವತಿಗೆ ತನ್ನದೇ ಆದ ಅದಿರಿನ ಗಣಿಯೂ ಇಲ್ಲದಾಯಿತು. 1998ರಲ್ಲಿ ಸೈಲ್‌ನಲ್ಲಿ ವಿಲೀನ, 2016ರಲ್ಲಿ ಮಾರಾಟದ ನಿರ್ಧಾರ, 2022ರಲ್ಲಿ ಆ ಪ್ರಕ್ರಿಯೆ ರದ್ದು, 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ. ಗುತ್ತಿಗೆ ಕಾರ್ಮಿಕರು ಬೀದಿಗಿಳಿದ ಮೇಲೆ ಅದೇ ವರ್ಷದ ಆಗಸ್ಟ್‌ನಲ್ಲಿ ಒಂದು ಘಟಕಕ್ಕೆ ಮತ್ತೆ ಜೀವ ಬಂತು. ಬಂದರೊಂದೇ ಈ ಕಾರ್ಖಾನೆಯನ್ನು ಕೊಂದಿತೆಂದು ಬರೆದರೆ ಅದು ಸರಕಾರಗಳ ನಿರ್ಲಕ್ಷ್ಯಕ್ಕೆ ಕ್ಷಮಾಪಣೆ ಕೊಟ್ಟಂತಾದೀತು. ಗಣಿ ಕೊಡಬಹುದಿತ್ತು, ಬಂಡವಾಳ ಹಾಕಬಹುದಿತ್ತು. ಎರಡೂ ಆಗಲಿಲ್ಲ. ಆದರೆ ಬಂದರಿನಿಂದ ದೂರವಿರುವುದು ದಂಡ ತೆರಬೇಕಾದ ಅಪರಾಧವಾಗಿ ಮಾರ್ಪಟ್ಟ ಕಾಲದಲ್ಲಿ ಆ ನಿರ್ಲಕ್ಷ್ಯ ಇನ್ನಷ್ಟು ಮಾರಕವಾಯಿತು.

ಅದೇ ಊರಿನ ಕಾಗದ ಕಾರ್ಖಾನೆಯ ಕತೆಯನ್ನು ಬರೆಯುವಾಗ ಪತ್ರಕರ್ತನಾದ ನನಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್ 1980ರ ದಶಕದಿಂದ ಪತ್ರಿಕೆಗಳಿಗೆ ಬೇಕಾದ ನ್ಯೂಸ್‌ಪ್ರಿಂಟ್ ಒದಗಿಸುತ್ತಿತ್ತು. ವಿದೇಶದ ಕಾಗದ ಬೆಳ್ಳಗಿದೆ, ಅಗ್ಗವೂ ಆಗಿದೆ ಎಂದು ಪತ್ರಿಕೆಗಳು ಅತ್ತ ವಾಲಿದವು. ಭದ್ರಾವತಿಯ ಯಂತ್ರಗಳು 2015-16ರ ಹೊತ್ತಿಗೆ ನಿಂತವು. ಆಗ ಯಾವ ಪತ್ರಿಕೆಯೂ ದೊಡ್ಡದಾಗಿ ಅತ್ತದ್ದು ನನಗೆ ನೆನಪಿಲ್ಲ. 2021-22ರಲ್ಲಿ ಕಂಟೈನರುಗಳ ಅಭಾವ, ಹಡಗು ಬಾಡಿಗೆಯ ಏರಿಕೆ, ಅದರ ಮೇಲೆ ಉಕ್ರೇನ್ ಯುದ್ಧ ಎಲ್ಲವೂ ಸೇರಿ ಆಮದು ಕಾಗದದ ಬೆಲೆ ಗಗನಕ್ಕೇರಿತು. ಪತ್ರಿಕೆಗಳು ಪುಟ ಕಡಿಮೆ ಮಾಡಿದವು, ಸಣ್ಣ ಪತ್ರಿಕೆಗಳು ಉಸಿರು ಕಟ್ಟಿ ನಿಂತವು. ಭದ್ರಾವತಿಯಲ್ಲಿ ಆ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು ಆ ದಿನಗಳಲ್ಲಿ ನನಗೆ ಹೇಳಿದ್ದು ಇಷ್ಟೆ: "ಈಗ ಕೇಳ್ತೀರಲ್ಲ ಸಾಹೇಬ್ರೆ, ಮೆಷಿನ್ ಅಲ್ಲೇ ಇದೆ, ತುಕ್ಕು ಹಿಡೀತಿದೆ." ಅವರಿಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ.

ಆ ಎರಡು ವರ್ಷಗಳು ಕಲಿಸಿದ್ದು ಇದನ್ನೇ. 2021ರ ಮಾರ್ಚ್‌ನಲ್ಲಿ 400 ಮೀಟರ್ ಉದ್ದದ 'ಎವರ್ ಗಿವನ್' ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡ ನಿಂತಾಗ ಆರು ದಿನ ಜಗತ್ತಿನ ವ್ಯಾಪಾರದ ಎಂಟರಲ್ಲೊಂದು ಭಾಗದಷ್ಟು ದಾರಿ ಮುಚ್ಚಿಹೋಯಿತು. ಅದೇ ವರ್ಷ ಚೀನಾದಿಂದ ಪಶ್ಚಿಮಕ್ಕೆ ಹೋಗುವ 40 ಅಡಿಯ ಪೆಟ್ಟಿಗೆಯ ಬಾಡಿಗೆ 10 ಸಾವಿರ ಡಾಲರ್ ದಾಟಿತು. ಗಾಝಾದ ಮೇಲೆ ಇಸ್ರೇಲ್ ಯುದ್ಧ ಸಾರಿದ ಬಳಿಕ 2023ರ ನವೆಂಬರ್‌ನಿಂದ ಯಮನ್‌ನ ಹೂಥಿಗಳು ಕೆಂಪು ಸಮುದ್ರದಲ್ಲಿ ಹಡಗುಗಳನ್ನು ಗುರಿಯಾಗಿಸತೊಡಗಿದಾಗ ಕಂಪೆನಿಗಳು ಆಫ್ರಿಕಾದ ತುದಿಯನ್ನು ಸುತ್ತಿ ಹೋಗತೊಡಗಿದವು, ಯುರೋಪಿಗೆ ಹತ್ತು ದಿನಗಳಿಗೂ ಹೆಚ್ಚು ವಿಳಂಬ. ಯುರೋಪಿಗೆ ಹೋಗುವ ಮಲೆನಾಡಿನ ಕಾಫಿಗೂ ಆ ಬಾಡಿಗೆ ತಗಲಿತು. ದೊಡ್ಡ ಬಂದರಿನಲ್ಲಿ ಇಕ್ಕಟ್ಟಾದಾಗ ಹಡಗು ಕಂಪೆನಿ ಮೊದಲು ಕೈಬಿಡುವುದು ಸಣ್ಣ ಬಂದರಿನ ನಿಲುಗಡೆಯನ್ನು.

ಹಾಗಾದರೆ ಈ ಬಂದರುಗಳ ಯಜಮಾನರು ಯಾರು? ಸಿಂಗಾಪುರದ ಪಿಎಸ್‌ಎ, ಹಾಂಗ್‌ಕಾಂಗ್‌ನ ಹಚಿಸನ್, ದುಬೈಯ ಡಿಪಿ ವರ್ಲ್ಡ್, ನಮ್ಮಲ್ಲಿ ಅದಾನಿ. ಬೆರಳೆಣಿಕೆಯ ಕಂಪೆನಿಗಳು. 2006ರಲ್ಲಿ ಡಿಪಿ ವರ್ಲ್ಡ್ ಬ್ರಿಟನ್ನಿನ ಪಿ ಅಂಡ್ ಒ ಕಂಪೆನಿಯನ್ನು ಖರೀದಿಸಿದಾಗ ಅದರೊಂದಿಗೆ ಅಮೆರಿಕದ ಕೆಲವು ಬಂದರುಗಳ ನಿರ್ವಹಣೆಯೂ ಅದರ ಕೈಗೆ ಬರಬೇಕಿತ್ತು. ಬ್ರಿಟಿಷರು ನಡೆಸುವವರೆಗೆ ಕಾಣದ 'ಭದ್ರತೆಯ ಅಪಾಯ' ಅರಬರ ಹೆಸರು ಕೇಳಿದೊಡನೆ ಅಮೆರಿಕದ ಸಂಸದರಿಗೆ ಕಂಡಿತು. ಕಂಪೆನಿ ಹಿಂದೆ ಸರಿದು ಆ ಭಾಗವನ್ನು ಅಮೆರಿಕದ ಕಂಪೆನಿಗೇ ಮಾರಬೇಕಾಯಿತು. ಅಂದು ನಮ್ಮ ವಲಯಗಳಲ್ಲಿ ಇದು ಇಸ್ಲಾಮೋಫೋಬಿಯಾದ ಉದಾಹರಣೆಯಾಗಿ ಚರ್ಚೆಯಾಯಿತು, ಅದು ಸರಿಯೂ ಹೌದು. ಆದರೆ ಅಷ್ಟಕ್ಕೇ ನಿಲ್ಲಿಸಿದ್ದು ಸರಿಯಲ್ಲ. ಬಂದರು ಯಾರ ಕೈಯಲ್ಲಿದೆ ಎಂಬುದು ಮುಖ್ಯವೆಂದು ಅಮೆರಿಕದವರಿಗೆ ತಿಳಿದಿತ್ತು. ನಮಗೆ ತಿಳಿದಿದೆಯೇ? 1979ರಲ್ಲಿ ಜಬಲ್ ಅಲಿ ಬಂದರು ತೆರೆದ ಮೇಲೆ ಅಲ್ಲಿಯ ಗೋದಾಮುಗಳಿಗೂ ಲಾರಿಗಳಿಗೂ ಕರಾವಳಿ ಮತ್ತು ಮಲೆನಾಡಿನಿಂದ ಹೋದ ಹುಡುಗರಿಗೆ ಲೆಕ್ಕವಿಲ್ಲ. ದುಡಿದು ಕಳಿಸಿದ ಹಣದಿಂದ ಮನೆ ಕಟ್ಟಿದೆವು, ಮದುವೆ ಮಾಡಿದೆವು. ಪೆಟ್ಟಿಗೆ ಎತ್ತಿಟ್ಟವರು ಅಸಂಖ್ಯ. ಪೆಟ್ಟಿಗೆಯ ಕಾಗದ ಓದಲು ಕಲಿತು ಬಂದವರು ಕಡಿಮೆ. ಸುಂಕ ದಲ್ಲಾಳಿಯ ಪರವಾನಗಿಗೆ ಪರೀಕ್ಷೆಯಿದೆ ಎಂಬುದು ನಮ್ಮ ಎಷ್ಟು ಬಿ.ಕಾಂ. ಪದವೀಧರರಿಗೆ ಗೊತ್ತು?

ಮದ್ರಸದಲ್ಲಿ ಓದುತ್ತಿದ್ದಾಗ ಇಬ್ನ್ ಬತೂತಾರ ಪ್ರವಾಸ ಕಥನದ ಭಾಗಗಳನ್ನು ಅರಬಿ ಪಾಠವೆಂದು ಓದಿದ್ದೆವು. ಅದರಲ್ಲಿ ಬರುವ 'ಹಿನವ್ರ್' ನಮ್ಮ ಹೊನ್ನಾವರವೇ ಎಂಬುದು ನನಗೆ ತಿಳಿದದ್ದು ಪದವಿ ಕಾಲೇಜಿನ ಇತಿಹಾಸ ತರಗತಿಯಲ್ಲಿ. 1340ರ ದಶಕದಲ್ಲಿ ಅಲ್ಲಿಗೆ ಬಂದ ಆ ಪ್ರವಾಸಿ ಹುಡುಗರ 23 ಮತ್ತು ಹುಡುಗಿಯರ 13 ಶಾಲೆಗಳನ್ನು ಕಂಡನೆಂದು ದಾಖಲಿಸಿದ್ದಾನೆ. ಬಂದರಿನ ಸಂಪತ್ತು ಆ ಊರಿನಲ್ಲೇ ಉಳಿದು ಶಾಲೆಯಾಗಿತ್ತು ಎಂದರ್ಥ. ಅನಂತರ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲದಲ್ಲಿ ಮಲೆನಾಡಿನ ಮೆಣಸು ಇದೇ ಕರಾವಳಿಯಿಂದ ಹಡಗು ಹತ್ತಿತು. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿಯೆಂದೇ ಕರೆದರು. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಸಮುದ್ರ ಸೇರುವುದು ಅದೇ ಹೊನ್ನಾವರದಲ್ಲಿ. ಅಂದರೆ ಈ ಜಿಲ್ಲೆ ಬಂದರಿಗೆ ಯಾವತ್ತೂ ಅಪರಿಚಿತವಾಗಿರಲಿಲ್ಲ.

ಇಂದು ಶರಾವತಿಯ ಮುಖದಲ್ಲಿ, ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ಯೋಜನೆಯ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅಂಕೋಲಾದ ಕೇಣಿಯಲ್ಲಿಯೂ ಅದೇ ಪ್ರತಿರೋಧ. ಒಳನಾಡಿನವರು ಇದನ್ನು 'ಅಭಿವೃದ್ಧಿ ವಿರೋಧ' ಎಂದು ತಳ್ಳಿಹಾಕುವುದನ್ನು ನಾನು ಕೇಳಿದ್ದೇನೆ. 2025ರ ಮೇ 25ರಂದು ವಿಳಿಂಜಂನಿಂದ ಕೊಚ್ಚಿಗೆ ಹೊರಟಿದ್ದ 'ಎಂಎಸ್‌ಸಿ ಎಲ್ಸಾ 3' ಹಡಗು 640 ಪೆಟ್ಟಿಗೆಗಳೊಂದಿಗೆ ಮುಳುಗಿತು. ಪ್ಲಾಸ್ಟಿಕ್ ಕಾಳುಗಳು ಕೇರಳದ ದಡಕ್ಕೆ ಬಂದು ಬಿದ್ದವು, ಮೀನುಗಾರಿಕೆಗೆ ನಿರ್ಬಂಧ ಬಂತು. ಆ ಹಡಗಿನ ಸರಕಿನಿಂದ ಯಾವ ಲಾಭವನ್ನೂ ಪಡೆಯದವರೇ ಅದರ ನಷ್ಟವನ್ನು ಹೊತ್ತರು. ಟೊಂಕದ ಮೀನುಗಾರ ಕೇಳುತ್ತಿರುವುದೂ ಭದ್ರಾವತಿಯ ಕಾರ್ಮಿಕ ಕೇಳುತ್ತಿರುವುದೂ ಒಂದೇ ಪ್ರಶ್ನೆಯನ್ನು. ಒಬ್ಬನ ಮೇಲೆ ಬಂದರು ಹೇರಲಾಗುತ್ತಿದೆ, ಇನ್ನೊಬ್ಬನಿಗೆ ಅದು ಎಟಕುತ್ತಿಲ್ಲ. ಇಬ್ಬರನ್ನೂ ಯಾರೂ ಕೇಳಿಲ್ಲ.

ನನ್ನ ಅಭಿಪ್ರಾಯದಲ್ಲಿ ಶಿವಮೊಗ್ಗಕ್ಕೆ ಬೇಕಾಗಿರುವುದು ಕರಾವಳಿಯಲ್ಲಿ ಇನ್ನೊಂದು ಬಂದರಲ್ಲ, ಒಳನಾಡಿನಲ್ಲೊಂದು ಕಂಟೈನರ್ ಡಿಪೋ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಇರುವಂಥದ್ದು: ಸುಂಕದ ತಪಾಸಣೆ ಅಲ್ಲೇ ಮುಗಿದು, ಪೆಟ್ಟಿಗೆ ಮುದ್ರೆಯೊಂದಿಗೆ ರೈಲು ಹತ್ತುವ ವ್ಯವಸ್ಥೆ. ಭದ್ರಾವತಿಯಿಂದ ಬೀರೂರು, ಅರಸೀಕೆರೆ, ಹಾಸನದ ಮೂಲಕ ಮಂಗಳೂರಿಗೆ ಬ್ರಾಡ್‌ಗೇಜ್ ಹಳಿ ಇದೆ. ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದ ಹಳಿಯಲ್ಲಿ 2006ರಿಂದ ಸರಕು ಗಾಡಿಗಳು ಓಡುತ್ತಿವೆ. ಪ್ರತಿ ಮಳೆಗಾಲದಲ್ಲಿ ಶಿರಾಡಿ ಕುಸಿಯಿತೇ ಎಂದು ಪತ್ರಿಕೆ ನೋಡುವ ಲಾರಿ ಮಾಲಕರನ್ನು ಕೇಳಿದರೆ ಇದರ ಬೆಲೆ ತಿಳಿದೀತು. ಇದರಿಂದ ಉಕ್ಕಿನ ಕಾರ್ಖಾನೆ ಉಳಿದೀತೆಂದು ನಾನು ಹೇಳಲಾರೆ. ಡಿಪೋದ ಹೆಸರಿನಲ್ಲಿ ಕಾರ್ಖಾನೆಯ ಜಮೀನನ್ನು ಹಂಚಿಕೊಳ್ಳುವ ಹುನ್ನಾರ ನಡೆದರೆ ಅದನ್ನು ವಿರೋಧಿಸಲೂಬೇಕು. ಆದರೆ ಗ್ರಾನೈಟ್, ಮೆಣಸು, ಅಕ್ಕಿ, ಸಣ್ಣ ಫೌಂಡ್ರಿಗಳ ಎರಕದ ಬಿಡಿಭಾಗಗಳನ್ನು ಕಳಿಸುವವರಿಗೆ ಅದು ನೆರವಾದೀತು. ಶಿವಮೊಗ್ಗ-ಭದ್ರಾವತಿಗಳಲ್ಲಿ ಇಂಥ ಫೌಂಡ್ರಿಗಳಿವೆ, ಅವುಗಳಲ್ಲಿ ದುಡಿಯುವ ನಮ್ಮ ಹುಡುಗರೂ ಇದ್ದಾರೆ.

ಜಿಲ್ಲೆಗೆ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಬಂದಾಗ ಅದರ ಕೀರ್ತಿಯನ್ನು ಹಂಚಿಕೊಳ್ಳಲು ಪಕ್ಷಗಳ ನಡುವೆ ಪೈಪೋಟಿಯಿತ್ತು. ವಿಮಾನದಲ್ಲಿ ಅಡಿಕೆ ಹೋಗುವುದಿಲ್ಲ, ಎರಕದ ಕಬ್ಬಿಣವೂ ಹೋಗುವುದಿಲ್ಲ. ಮುಂದಿನ ಕೊಯ್ಲು ಮಂಡಿಗೆ ಬರುವ ಮೊದಲು ನಮ್ಮ ಜನಪ್ರತಿನಿಧಿಗಳು ಸದನದಲ್ಲಿ ಎರಡು ಲೆಕ್ಕಗಳನ್ನು ಕೇಳಲಿ: ರಿಯಾಯಿತಿ ಸುಂಕದ ಹುಟ್ಟುಚೀಟಿಯೊಂದಿಗೆ ಕಳೆದ ಐದು ವರ್ಷಗಳಲ್ಲಿ ಯಾವ ಬಂದರಿನಿಂದ ಎಷ್ಟು ಅಡಿಕೆ ಒಳಬಂತು, ಅದರಲ್ಲಿ ಎಷ್ಟು ಚೀಟಿಗಳನ್ನು ಕೊಟ್ಟ ದೇಶದಿಂದ ಮರುಪರಿಶೀಲಿಸಲಾಯಿತು. ಆ ಪರಿಶೀಲನೆಗೆ 2020ರ ಸೆಪ್ಟೆಂಬರ್‌ನಿಂದಲೇ ನಿಯಮಗಳಿವೆ. ಉತ್ತರ ಬಂದ ದಿನ ಈ ಪುಟದಲ್ಲಿ ಅದನ್ನು ಪ್ರಕಟಿಸೋಣ.